ಪಾರ್ಸೆಲ್ ಅಂಗಡಿಯ ಮೇಲಿನ ರೂಮು

ಹಾಲ್‌ನಲ್ಲಿ ಮಲಗುವವರಿಗೆ ನಿದ್ದೆ ಬಂತು ಎಂದು ಮಲಗುವ ಹಾಗಿಲ್ಲ. ಮೊದಲು ಟೀವಿ ಆರಬೇಕು, ಕೊನೆಯವರು ನೀರು ಕುಡಿದು ಲೋಟ ಇಟ್ಟು ಒಳಗೆ ಹೋಗಬೇಕು, ಆಮೇಲೆ ಸೋಫಾದ ಹಿಂದೆ ಮಡಚಿಟ್ಟ ಹಾಸಿಗೆ ಹೊರಗೆ ಬರಬೇಕು. ಬೆಳಿಗ್ಗೆ ಮನೆಯವರು ಕಣ್ಣುಜ್ಜಿಕೊಂಡು ಬರುವ ಹೊತ್ತಿಗೆ ಅದು ಮತ್ತೆ ಸೋಫಾದ ಹಿಂದೆ ಸೇರಿರಬೇಕು. ದೊಡ್ಡಮ್ಮ ಹೀಗೆ ಮಲಗಿ ಏಳುವುದು ಶುರುವಾದಾಗ ಮೈದುನನ ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದಳು. ಈಗ ಆ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಪಿಸುಗುಡುವ ವಯಸ್ಸಿಗೆ ಬಂದಿದ್ದಾಳೆ. ಅವಳು ಮೊದಲು ಬಾಯಿ ಬಿಟ್ಟು ಕರೆದದ್ದು ದೊಡ್ಡಮ್ಮ ಎಂದು. ಅಲ್ಲಿಂದ ಪಕ್ಕದ ಮನೆಯವರು, ತರಕಾರಿ ಅಂಗಡಿಯವನು, ಅಂಚೆಯವನು, ಎಲ್ಲರಿಗೂ ಇವಳು ದೊಡ್ಡಮ್ಮನೇ.

ಗಂಡ ತೀರಿಹೋದಾಗ ಮೈದುನ ಒಂದು ಮಾತು ಹೇಳಿದ್ದ. "ಅತ್ತಿಗೆ, ನಮ್ಮನೆ ಅಂತ ಒಂದಿರೋವಾಗ ನೀವು ಎಲ್ಲಿಗೆ ಹೋಗ್ತೀರಾ?" ಹೇಳಿದ ಹಾಗೆಯೇ ನಡೆದುಕೊಂಡ. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಓರಗಿತ್ತಿಯೂ ಅಷ್ಟೇ, ಅಕ್ಕ ಅಕ್ಕ ಎಂದು ಬಾಯ್ತುಂಬ ಕರೆಯುವವಳು. ಒಳ್ಳೆಯವರ ಮನೆಯಲ್ಲಿ ಇರುವುದರ ಕಷ್ಟವೇ ಅದು. ದೂರುವುದಕ್ಕೆ ಏನೂ ಸಿಗುವುದಿಲ್ಲ. ಹೊಟ್ಟೆಯಲ್ಲಿ ಇರುವುದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಅಡುಗೆ ಮಾಡುತ್ತಿರಬೇಕು.

ದೊಡ್ಡಮ್ಮ ಮಾಡುತ್ತಿದ್ದದ್ದೂ ಅದನ್ನೇ. ಮತ್ತು ಆ ಅಡುಗೆಗೆ ಎದುರು ಹೇಳುವವರು ಯಾರೂ ಇರಲಿಲ್ಲ. ಅವಳದೊಂದು ಪದ್ಧತಿ ಇತ್ತು. ಸಾರು ಕುದಿದು ಇಳಿದಿರುತ್ತಿತ್ತು, ಪಲ್ಯ ಬೆಂದಿರುತ್ತಿತ್ತು, ಆದರೆ ಒಗ್ಗರಣೆ ಮಾತ್ರ ಎಲ್ಲರೂ ಬಂದು ತಟ್ಟೆಯ ಮುಂದೆ ಕೂತ ಮೇಲೆಯೇ. "ಬಂದ್ರಾ? ಕೂತ್ರಾ?" ಎಂದು ಒಳಗಿನಿಂದ ಕೂಗಿ ಕೇಳುತ್ತಿದ್ದಳು. ಹೌದು ಎಂದರೆ ಮಾತ್ರ ಸಾಸಿವೆ ಎಣ್ಣೆಗೆ ಬೀಳುತ್ತಿತ್ತು. ಚುಂಯ್ ಎನ್ನುವ ಸದ್ದು ಇನ್ನೂ ಆರುವ ಮೊದಲೇ ಸಾರು ಅನ್ನದ ಮೇಲಿರುತ್ತಿತ್ತು. ಯಾರಾದರೂ ಫೋನು ಹಿಡಿದುಕೊಂಡು ಎದ್ದು ಹೋದರೆ ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಬೇರೆ ಯಾವುದಕ್ಕೂ ಸಿಟ್ಟು ಮಾಡದ ಹೆಂಗಸು ಅದೊಂದಕ್ಕೆ ಸೌಟು ಕುಕ್ಕುತ್ತಿದ್ದಳು.

ಪಾರ್ಸೆಲ್ ಅಂಗಡಿಯ ಮಾತು ಹುಟ್ಟಿದ್ದು ಇಂಥದೇ ಒಂದು ಊಟದಲ್ಲಿ. ಮೈದುನ ಈ ಪರದೇಶಕ್ಕೆ ಬಂದಾಗಿನಿಂದ ಕೊರಿಯರ್ ವ್ಯಾನ್ ಓಡಿಸುತ್ತಿದ್ದ. ಭಾರ ಎತ್ತಿ ಎತ್ತಿ ಬೆನ್ನು ಹಿಡಿದುಕೊಂಡು, ಡಾಕ್ಟರು ಇನ್ನು ಆ ಕೆಲಸ ಸಾಕು ಎಂದಿದ್ದರು. ಅವನ ಜೊತೆಯ ಇಬ್ಬರು ಡ್ರೈವರ್‌ಗಳು ನೋಡಿಹೋಗಲು ಬಂದವರು ಊಟಕ್ಕೆ ಕೂತರು. ಮೂರನೇ ಸಲ ಸಾರು ಹಾಕಿಸಿಕೊಂಡವನು ಬೆರಳು ಚೀಪುತ್ತಾ ಹೇಳಿದ, "ಲೋ, ಮನೇಲೇ ಇಂಥಾ ಕೈ ಇಟ್ಕೊಂಡು ಕೆಲಸ ಹುಡುಕ್ತೀಯಲ್ಲೋ. ಇಂಡಿಯನ್ ಊಟದ್ದು ಒಂದು ಪಾರ್ಸೆಲ್ ಅಂಗಡಿ ಹಾಕು. ನಿಮ್ಮತ್ತಿಗೆ ಅಡುಗೆ, ನಿಂದು ಡೆಲಿವರಿ. ಇನ್ನೇನು ಬೇಕು?"

ಮೈದುನ ನಕ್ಕ. ಆದರೆ ಆ ಮಾತು ಅವನ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಳ್ಳುತ್ತಿದ್ದ ಓರಗಿತ್ತಿಯ ತಲೆಯೊಳಗೂ ಹೊಕ್ಕಿತು. ವಾರ ಕಳೆಯುವುದರೊಳಗೆ ಗಂಡಹೆಂಡತಿ ಜಾಗ ನೋಡಲು ಹೊರಟಿದ್ದರು. "ಅತ್ತಿಗೆ, ನೀವೂ ಬನ್ನಿ. ಒಲೆ ಎಲ್ಲಿ ಕೂರುತ್ತೆ ಅಂತ ನಿಮಗಲ್ವಾ ಗೊತ್ತಾಗೋದು?" ಎಂದ ಮೈದುನ. ಅವಳನ್ನು ಯಾರೂ ಇಂಥದಕ್ಕೆ ಕರೆದದ್ದೇ ಇಲ್ಲ. ಒಗೆದ ಸ್ವೆಟರ್ ಹಾಕಿಕೊಂಡು, ಚಪ್ಪಲಿ ಬಿಟ್ಟು ಶೂ ಮೆಟ್ಟಿಕೊಂಡು ಹೊರಟಳು.

ಮೊದಲ ಜಾಗ ದೊಡ್ಡ ರಸ್ತೆಯಲ್ಲಿತ್ತು, ಸಿಗ್ನಲ್ ಪಕ್ಕದಲ್ಲೇ. ಒಂದು ಕಡೆ ಟಯರ್ ಅಂಗಡಿ, ಇನ್ನೊಂದು ಕಡೆ ಮೊಬೈಲ್ ರಿಪೇರಿ. ಮುಂದೆ ಗಾಜು, ಹಿಂದೆ ಕಿಟಕಿಯಿಲ್ಲದ ಒಂದು ಉದ್ದನೆಯ ಅಡುಗೆಮನೆ. ಸಿಗ್ನಲ್ ಕೆಂಪಾದಾಗಲೆಲ್ಲ ಕಾರುಗಳು ಅಂಗಡಿಯ ಮುಂದೆಯೇ ಸಾಲಾಗಿ ನಿಲ್ಲುತ್ತಿದ್ದವು. ಮೈದುನನ ಕಣ್ಣು ಅರಳಿತು. "ನೋಡಿ, ಜನ ತಾವಾಗಿಯೇ ಬಂದು ನಿಲ್ತಾರೆ. ಬೋರ್ಡು ಓದದೆ ಇನ್ನೇನು ಮಾಡ್ತಾರೆ?" ದೊಡ್ಡಮ್ಮ ಒಲೆ ಇಡುವ ಜಾಗ ನೋಡಿದಳು, ನಲ್ಲಿ ತಿರುಗಿಸಿದಳು, ಚೆನ್ನಾಗಿದೆ ಎಂದಳು. ಅವಳಿಗೆ ಅಲ್ಲಿ ಬೇರೇನೂ ಕಾಣಲಿಲ್ಲ.

ಎರಡನೆಯದು ಒಳರಸ್ತೆಯ ತಿರುವಿನಲ್ಲಿತ್ತು. ಜನ ತಾವೇ ಬಂದು ಮೆಷಿನ್‌ನಲ್ಲಿ ಬಟ್ಟೆ ಒಗೆದುಕೊಳ್ಳುವ ಲಾಂಡ್ರಿಗೂ, ಶಟರ್ ಎಳೆದು ಎಷ್ಟೋ ಕಾಲವಾದ ಗಡಿಯಾರದ ಅಂಗಡಿಗೂ ನಡುವೆ. ಮುಂಚೆ ಬೇಕರಿ ಆಗಿದ್ದಿರಬೇಕು, ಗೋಡೆಗೆ ಇನ್ನೂ ಸುಟ್ಟ ಸಕ್ಕರೆಯ ವಾಸನೆ ಇತ್ತು. ಹಿಂದುಗಡೆಯಿಂದ ಇಕ್ಕಟ್ಟಾದ ಮರದ ಮೆಟ್ಟಿಲು ಮೇಲಕ್ಕೆ ಹೋಗುತ್ತಿತ್ತು. "ಮೇಲೊಂದು ರೂಮಿದೆ, ಅದೂ ಇದರ ಜೊತೆಗೇ ಬರುತ್ತೆ," ಎಂದ ಬ್ರೋಕರು, ಹಳೆ ಚಾಪೆ ಕೊಡುವವನ ಹಾಗೆ.

ರೂಮು ದೊಡ್ಡದೇನಲ್ಲ. ಒಂದು ಮಂಚ, ಒಂದು ಕುರ್ಚಿ ಹಿಡಿಸಿದರೆ ಹೆಚ್ಚು. ಮೂಲೆಯಲ್ಲಿ ಕೈ ತೊಳೆಯುವ ಬೇಸಿನ್, ಗೋಡೆಗೆ ಒಂದು ಹಲಗೆ, ಕಿಟಕಿಯಿಂದ ಕೆಳಗೆ ಲಾಂಡ್ರಿಯ ಹಿತ್ತಲು ಮತ್ತು ಅಲ್ಲಿ ಒಣಹಾಕಿದ ಹೋಟೆಲಿನ ಬಿಳಿ ಹಾಸಿಗೆಬಟ್ಟೆಗಳು. ದೊಡ್ಡಮ್ಮ ಬಾಗಿಲ ಹಿಂದೆ ನೋಡಿದಳು. ಒಳಗಡೆಯಿಂದ ಹಾಕುವ ಚಿಲಕ ಇತ್ತು. ತುಕ್ಕು ಹಿಡಿದಿತ್ತು. ಅವಳು ಅದನ್ನು ಎಳೆದಳು, ಕಿರ್ರೆಂದು ಕೂಗಿಕೊಂಡು ಬಂತು. ಮತ್ತೆ ತೆಗೆದಳು. ಮತ್ತೆ ಹಾಕಿದಳು. ಒಳಗಡೆಯಿಂದ ಬಾಗಿಲು ಹಾಕಿಕೊಂಡು ನಿಲ್ಲುವುದೆಂದರೆ ಏನು ಎನ್ನುವುದೇ ಅವಳಿಗೆ ಮರೆತುಹೋಗಿತ್ತು; ಬಚ್ಚಲುಮನೆಯಲ್ಲಿ ಕೂಡ ಯಾರಾದರೂ ಬಾಗಿಲು ತಟ್ಟುತ್ತಿದ್ದರು.

ಮೆಟ್ಟಿಲ ಮೇಲಿನಿಂದ ಮೈದುನ ನಗುತ್ತಾ ಕೂಗಿದ, "ಏನತ್ತಿಗೆ, ಒಳಗೇ ಸೇರ್ಕೊಂಡ್ರಾ? ಹಾಗಾದ್ರೆ ಇದು ನಿಮ್ಮ ರೂಮೇ ಬಿಡಿ. ಮೇಲೆ ನಿದ್ದೆ, ಕೆಳಗೆ ಕೆಲಸ. ಬಸ್ಸಿಗೆ ಕಾಯೋ ತಾಪತ್ರಯನೂ ಇಲ್ಲ."

ಆ ಮಾತನ್ನು ಅವನು ಹೇಳಿದ ಹೊತ್ತಿಗೆ ನಿಜವಾಗಿಯೇ ಹೇಳಿದ. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು ಬಾಯಿಂದ ಎಷ್ಟು ಸುಲಭವಾಗಿ ಬರುತ್ತದೋ ಅಷ್ಟೇ ಸುಲಭವಾಗಿ ಮರೆತೂ ಹೋಗುತ್ತದೆ. ಕೇಳಿಸಿಕೊಂಡವರ ಕಥೆ ಬೇರೆ. ದೊಡ್ಡಮ್ಮ ಅವತ್ತು ಮನೆಗೆ ಬಂದು ಅನ್ನಕ್ಕಿಡುವಾಗಲೇ ಮನಸ್ಸಿನಲ್ಲಿ ಮಂಚವನ್ನು ಕಿಟಕಿಯ ಕೆಳಗೆ ಹಾಕಿ ಆಗಿತ್ತು. ಹಲಗೆಯ ಮೇಲೆ ಗಂಡನ ಫೋಟೋ ಇಟ್ಟು ಆಗಿತ್ತು. ಆ ಫೋಟೋ ಇಷ್ಟು ವರ್ಷವೂ ಅವಳ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆಯೇ ಇತ್ತು. ಹಾಲ್‌ನಲ್ಲಿ ಎಲ್ಲಿಡುವುದು? ಟೀವಿಯ ಪಕ್ಕದಲ್ಲೇ?

ಆಮೇಲೆ ಮೆನು ಮಾಡುವ ಗಲಾಟೆ ಶುರುವಾಯಿತು. ಓರಗಿತ್ತಿ ಸುತ್ತಮುತ್ತಲ ಪಾರ್ಸೆಲ್ ಅಂಗಡಿಗಳಿಂದೆಲ್ಲ ಮೆನು ಕಾಗದ ತಂದು ಊಟದ ಮೇಜಿನ ಮೇಲೆ ಹರಡಿದಳು. ಎಲ್ಲದರಲ್ಲೂ ಅವೇ ಹೆಸರು, ಅವೇ ಚಿತ್ರ. ಒಂದು ಕೆಂಪು ಗ್ರೇವಿ, ಒಂದು ಹಳದಿ ಗ್ರೇವಿ, ಒಂದು ಹಸಿರು ಗ್ರೇವಿ. ಅದರೊಳಗೆ ಕೋಳಿ ಹಾಕಿದರೆ ಒಂದು ಹೆಸರು, ಪನ್ನೀರು ಹಾಕಿದರೆ ಇನ್ನೊಂದು.

"ಇದೇನೇ ಇದು, ಸಿಗ್ನಲ್ ದೀಪ ಇದ್ದ ಹಾಗಿದೆ," ಎಂದಳು ದೊಡ್ಡಮ್ಮ.

ಹುಡುಗಿ ಕೋಣೆಯಿಂದಲೇ ಬಿದ್ದು ಬಿದ್ದು ನಕ್ಕಳು. ಅವತ್ತಿನಿಂದ ಮನೆಯಲ್ಲಿ ಅದಕ್ಕೆ ಸಿಗ್ನಲ್ ಅಡುಗೆ ಎಂದೇ ಹೆಸರಾಯಿತು. ನಾವು ಅದನ್ನ ಮಾಡೋದು ಬೇಡ, ಮನೆ ಊಟವನ್ನೇ ಕೊಡೋಣ ಎಂದು ಮೂವರೂ ಒಪ್ಪಿದರು. ತಿಳಿಸಾರು, ಬದನೆಕಾಯಿ ಪಲ್ಯ, ಗೊಜ್ಜು, ಪೂರಿ, ಕಾಯಿಚಟ್ನಿ. ದೊಡ್ಡಮ್ಮ ಹೇಳುತ್ತಾ ಹೋದಳು, ಓರಗಿತ್ತಿ ಬರೆದುಕೊಳ್ಳುತ್ತಾ ಹೋದಳು. ಅಂಗಡಿಯ ಹೆಸರೂ ಅಲ್ಲೇ ಗೊತ್ತಾಯಿತು: ದೊಡ್ಡಮ್ಮನ ಅಡುಗೆಮನೆ. ದೊಡ್ಡಮ್ಮ "ಥೂ, ಅದೆಲ್ಲ ಯಾಕೆ" ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಬಹಳ ಕಾಲದ ಮೇಲೆ ಅವಳಿಗೆ ಅವತ್ತು ಖುಷಿಯಾಗಿತ್ತು, ಸುಮ್ಮನೆ ಯಾಕೆ ಸುಳ್ಳು ಹೇಳಬೇಕು.

ಆದರೆ ಮೈದುನ ವರ್ಷಗಟ್ಟಲೆ ಡಬ್ಬ ಸಾಗಿಸಿದವನು. ಹೊರಟ ಸಾಮಾನು ತಲುಪುವ ಹೊತ್ತಿಗೆ ಹೇಗಿರುತ್ತದೆ ಎನ್ನುವುದು ಅವನ ಚಿಂತೆ. "ಒಂದ್ಸಲ ಪರೀಕ್ಷೆ ಮಾಡಿಬಿಡೋಣ ಅತ್ತಿಗೆ. ನೀವು ಎಲ್ಲಾ ಮಾಡಿ, ಡಬ್ಬಿಗೆ ಹಾಕೋಣ, ಕಾರಲ್ಲಿಟ್ಟು ಒಂದು ಸುತ್ತು ಹೊಡೆದು, ಆಮೇಲೆ ತೆಗೆದು ತಿಂದು ನೋಡೋಣ. ಗಿರಾಕಿ ತಿನ್ನೋದು ಹಾಗೇ ತಾನೆ?"

ಅದರಲ್ಲಿ ತಪ್ಪೇನಿದೆ? ದೊಡ್ಡಮ್ಮ ಭಾನುವಾರ ನಸುಕಿಗೇ ಎದ್ದು ಕಾಯಿ ತುರಿದಳು. ಅಷ್ಟು ಶ್ರದ್ಧೆಯಿಂದ ಅವಳು ಮದುವೆಮನೆಗೂ ಅಡುಗೆ ಮಾಡಿದವಳಲ್ಲ. ಪೂರಿ ಉಬ್ಬಿತು, ಪಲ್ಯ ಹದವಾಗಿ ಬೆಂದಿತು. ಸಾರಿಗೆ ಒಗ್ಗರಣೆ ಹಾಕುವಾಗ ಅಭ್ಯಾಸಬಲದಿಂದ "ಬಂದ್ರಾ? ಕೂತ್ರಾ?" ಎಂದು ಕೂಗಿದಳು. "ಡಬ್ಬಿ ರೆಡಿ ಅಕ್ಕ," ಎಂದಳು ಓರಗಿತ್ತಿ.

ಡಬ್ಬಿಗಳನ್ನು ಮುಚ್ಚಿ, ಕಾಗದದ ಚೀಲಕ್ಕೆ ತುಂಬಿ, ಕಾರಿನ ಹಿಂದಿನ ಸೀಟಿನಲ್ಲಿ ದೊಡ್ಡಮ್ಮನ ಪಕ್ಕ ಇಟ್ಟರು. ಹೋಲಿಸಿ ನೋಡಲು ಇರಲಿ ಎಂದು ಮೈದುನ ದಾರಿಯಲ್ಲಿ ಒಂದು ಅಂಗಡಿಯಿಂದ ಕೆಂಪು ಗ್ರೇವಿಯದೂ ಒಂದು ಡಬ್ಬಿ ತಂದ. ಆಮೇಲೆ ಊರೆಲ್ಲ ಸುತ್ತಿದರು. ದೊಡ್ಡಮ್ಮ ಒಂದು ಕೈಯಲ್ಲಿ ಚೀಲ ಹಿಡಿದುಕೊಂಡು, ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರ ಹಾಗೆ, ಪ್ರತಿ ಉಬ್ಬಿಗೂ "ನಿಧಾನ, ನಿಧಾನ" ಎನ್ನುತ್ತಿದ್ದಳು. ಕಾರಿನ ಗಾಜಿಗೆಲ್ಲ ಆವಿ ಕಟ್ಟಿತು. ಒಂದು ದೊಡ್ಡ ಅಂಗಡಿಯ ಹಿಂದೆ, ಕಾರು ನಿಲ್ಲಿಸುವ ಜಾಗದಲ್ಲಿ ನಿಲ್ಲಿಸಿ ಡಬ್ಬಿ ಬಿಚ್ಚಿದರು.

ಪೂರಿ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಚರ್ಮದ ಹಾಗಾಗಿತ್ತು. ಚಟ್ನಿ ನೀರು ಬಿಟ್ಟುಕೊಂಡು ಕಾಯಿ ಒಂದು ಕಡೆ, ನೀರು ಒಂದು ಕಡೆ. ಬದನೆಕಾಯಿ ಕಪ್ಪಗಾಗಿ ಬೆವರಿತ್ತು. ಸಾರು ಮುಚ್ಚಳದ ಸಂದಿನಿಂದ ಅರ್ಧ ಸೋರಿ ಕಾರಿನ ಮ್ಯಾಟು ನೆನೆಸಿತ್ತು. ಉಳಿದರ್ಧದಲ್ಲಿ ಕರಿಬೇವು ಬೆಂದು ಸತ್ತುಹೋಗಿ, ಒಗ್ಗರಣೆಯ ಘಮ ಎಲ್ಲಿ ಹೋಯಿತೋ, ಬೇಳೆಯ ನೀರು ಮಾತ್ರ ಇತ್ತು. ಮೈದುನ ಪ್ಲಾಸ್ಟಿಕ್ ಚಮಚದಿಂದ ಒಂದು ಗುಟುಕು ಕುಡಿದು ಚಮಚವನ್ನು ಡಬ್ಬಿಯಲ್ಲೇ ಬಿಟ್ಟ. ಓರಗಿತ್ತಿ, "ಪರವಾಗಿಲ್ಲ ಅಕ್ಕ, ಉಪ್ಪು ಸರಿಯಾಗಿದೆ," ಎಂದಳು.

ದೊಡ್ಡಮ್ಮ ತಾನೂ ಒಂದು ಚಮಚ ಬಾಯಿಗಿಟ್ಟಳು. ಅವಳು ಸುಳ್ಳು ಹೇಳಿಕೊಳ್ಳುವ ಪೈಕಿ ಅಲ್ಲ. ಅದು ಚೆನ್ನಾಗಿರಲಿಲ್ಲ. ತಾನು ಜೀವಮಾನವೆಲ್ಲ ಮಾಡಿದ್ದು, ಜನ ಬೆರಳು ಚೀಪಿದ್ದು, ಇದನ್ನೇ ಎಂದು ಹೇಳಿದರೆ ಯಾರೂ ನಂಬಲಾರರು. ಆಮೇಲೆ ಆ ಕೆಂಪು ಗ್ರೇವಿಯ ಡಬ್ಬಿ ಬಿಚ್ಚಿದರು. ಅದಕ್ಕೆ ಏನೂ ಆಗಿರಲಿಲ್ಲ. ಹೊಳೆಯುತ್ತಾ, ಗಟ್ಟಿಯಾಗಿ, ಹಾಕಿದಾಗ ಹೇಗಿತ್ತೋ ಹಾಗೇ ಕೂತಿತ್ತು. ಅದು ಹುಟ್ಟುವಾಗಲೇ ಡಬ್ಬಿಯಲ್ಲಿ ಹುಟ್ಟಿದ ಹಾಗಿತ್ತು.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಸಾರಿನ ವಾಸನೆ ಮ್ಯಾಟಿನಿಂದ ಏಳುತ್ತಾ ಇತ್ತು.

ಮನೆಗೆ ಬಂದ ಮೇಲೆ ಮೈದುನ ಮೆಲ್ಲಗೆ ಮಾತು ತೆಗೆದ. ಮನೆ ಊಟ ಡಬ್ಬಿಯಲ್ಲಿ ನಿಲ್ಲುವುದಿಲ್ಲ ಎಂದ ಮೇಲೆ ಸಿಗ್ನಲ್ ಅಡುಗೆಯೇ ಗತಿ. ಸಿಗ್ನಲ್ ಅಡುಗೆ ಎಂದ ಮೇಲೆ ಸಿಗ್ನಲ್ ಪಕ್ಕದ ಅಂಗಡಿಯೇ ಸರಿ. ಒಳರಸ್ತೆಯ ತಿರುವಿಗೆ ಹುಡುಕಿಕೊಂಡು ಬರಲು ನಮ್ಮ ಹತ್ತಿರ ಬೇರೆಯವರಲ್ಲಿ ಇಲ್ಲದ್ದು ಏನಿದೆ? ಅವನ ಲೆಕ್ಕ ನೆಟ್ಟಗೇ ಇತ್ತು. ಆದರೆ ದೊಡ್ಡಮ್ಮನ ಪಾಲಿಗೆ ಕಿಟಕಿಯ ಕೆಳಗಿದ್ದ ಮಂಚ, ಹಲಗೆಯ ಮೇಲಿದ್ದ ಫೋಟೋ, ಚಿಲಕ, ಎಲ್ಲ ಕಣ್ಣೆದುರೇ ಕೈಬಿಟ್ಟು ಹೋಗುತ್ತಿದ್ದವು.

ಇಲ್ಲಿ ಅವಳು ಬಾಯಿ ಬಿಟ್ಟು ಹೇಳಬಹುದಿತ್ತು. "ನನಗೆ ಆ ರೂಮು ಬೇಕು ಕಣಪ್ಪ. ನನಗೆ ಮಲಗೋಕೆ ಒಂದು ಬಾಗಿಲು ಬೇಕು." ಎರಡು ಮಾತು, ಅಷ್ಟೇ. ಆದರೆ ಕೇಳಿದರೆ ಇಷ್ಟು ವರ್ಷ ಈ ಮನೆಯಲ್ಲಿ ಕಷ್ಟಪಟ್ಟೆ ಎಂದು ಹೇಳಿದ ಹಾಗಾಗುತ್ತದೆ, ನೋಡಿಕೊಂಡವರ ಮನಸ್ಸು ನೋಯುತ್ತದೆ ಎಂದು ಅವಳಿಗೆ ಅನಿಸಿತು. ಅನುಸರಿಸಿಕೊಂಡು ಹೋಗುವುದರಲ್ಲೇ ಆಯಸ್ಸು ಸವೆಸಿದವರಿಗೆ ಬೇಕಾದ್ದನ್ನು ಕೇಳುವ ದಾರಿ ಗೊತ್ತಿರುವುದಿಲ್ಲ, ಇರುವುದನ್ನು ಬಿಟ್ಟುಕೊಡುವ ದಾರಿ ಮಾತ್ರ ಗೊತ್ತಿರುತ್ತದೆ. ಅವಳು ಅದನ್ನೇ ಮಾಡಿದಳು.

"ಅಲ್ಲಪ್ಪ, ಆ ದೊಡ್ಡ ರಸ್ತೇಲಿ ಕಾರು ನಿಲ್ಸೋಕೆ ಜಾಗ ಎಲ್ಲಿದೆ? ಹಸಿರು ಬಿದ್ದ ತಕ್ಷಣ ಹೊರಟೋಗ್ತಾರೆ. ಲಾಂಡ್ರಿ ಹತ್ರ ಆದ್ರೆ ಬಟ್ಟೆ ಒಗೆಯೋವರೆಗೂ ಜನ ಕಾಯ್ತಾ ಕೂತಿರ್ತಾರೆ. ಅವರಿಗೂ ಹೊಟ್ಟೆ ಇರತ್ತೆ ತಾನೆ? ನೀನು ಅದನ್ನೇ ತಗೋ. ಅಡುಗೆ ನೀವು ಏನು ಹೇಳ್ತೀರೋ ಅದನ್ನೇ ಮಾಡ್ತೀನಿ. ಕೆಂಪು ಅಂದ್ರೆ ಕೆಂಪು, ಹಳದಿ ಅಂದ್ರೆ ಹಳದಿ. ನನ್ನದು ಒಂದೂ ಬೇಡ."

"ಸಾರಾದ್ರೂ ಒಂದು ಇರ್ಲಿ ಅಕ್ಕ, ನಿಮ್ಮ ಹೆಸರಿಟ್ಟಿದೀವಿ," ಎಂದಳು ಓರಗಿತ್ತಿ.

"ಬೇಡ ಬೇಡ, ಹೊಡೆದುಹಾಕು," ಎಂದಳು ದೊಡ್ಡಮ್ಮ. ಹೇಗಾದರೂ ಮಾಡಿ ಆ ತಿರುವಿನ ಅಂಗಡಿ ಕೈಗೆ ಬಂದರೆ ಸಾಕಾಗಿತ್ತು. ಓರಗಿತ್ತಿ ಪೆನ್ನಿನಿಂದ ತಿಳಿಸಾರನ್ನು ಹೊಡೆದುಹಾಕಿದಳು, ಪಲ್ಯ ಹೊಡೆದುಹಾಕಿದಳು, ಗೊಜ್ಜು, ಪೂರಿ, ಚಟ್ನಿ. ದೊಡ್ಡಮ್ಮ ಪಕ್ಕದಲ್ಲೇ ನಿಂತು ನೋಡಿದಳು. ಅವಳ ಲೆಕ್ಕದಲ್ಲಿ ಅದು ನಷ್ಟವಾಗಿರಲಿಲ್ಲ, ಕೊಡುಕೊಳ್ಳುವಿಕೆಯಾಗಿತ್ತು. ಒಂದೇ ತೊಂದರೆ, ಎದುರಿಗೆ ಕೂತವರಿಗೆ ತಾವು ಏನು ಕೊಡಬೇಕು ಎನ್ನುವುದೇ ಗೊತ್ತಿರಲಿಲ್ಲ.

ಲಾಂಡ್ರಿಯ ಮಾತು ಮೈದುನನಿಗೆ ಹಿಡಿಸಿತು. ತಿರುವಿನ ಅಂಗಡಿಯೇ ಗೊತ್ತಾಯಿತು. ಬಾಗಿಲ ಮೇಲೆ ಬೋರ್ಡು ಏರಿತು. ಅದರಲ್ಲಿ ಸೌಟು ಹಿಡಿದ ಒಬ್ಬ ಗುಂಡು ಅಜ್ಜಿಯ ಚಿತ್ರ. ದೊಡ್ಡಮ್ಮ ಬಡಕಲು, ಕೂದಲೂ ಇನ್ನೂ ಅಷ್ಟು ಬೆಳ್ಳಗಾಗಿರಲಿಲ್ಲ. "ಇದ್ಯಾರೋ ನಮ್ಮತ್ತೆ ಇದ್ದ ಹಾಗಿದಾರೆ," ಎಂದು ನಕ್ಕಳು.

ಕೆಳಗೆ ಒಲೆ, ಹೊಗೆ ಎಳೆಯುವ ಫ್ಯಾನು ಕೂರಿಸುತ್ತಿದ್ದ ಅಷ್ಟೂ ದಿನ ಅವಳು ಸಮಯ ಸಿಕ್ಕಾಗಲೆಲ್ಲ ಮೇಲೆ ಹೋದಳು. ನೆಲ ತಿಕ್ಕಿದಳು. ಕಿಟಕಿಯ ಗಾಜಿನ ಮೇಲಿದ್ದ ಬೇಕರಿ ಕಾಲದ ಜಿಡ್ಡನ್ನು ಹಳೆ ಬ್ಲೇಡಿನಿಂದ ಕೆರೆದಳು. ಹಲಗೆಗೆ ಹೂವಿನ ಕಾಗದ ಹಾಸಿದಳು, ಬಟ್ಟೆ ತೂಗುಹಾಕಲು ಮೊಳೆ ಹೊಡೆದಳು. ಚಿಲಕ ಕಿರ್ರೆನ್ನುತ್ತಿತ್ತಲ್ಲ, ಅಡುಗೆ ಎಣ್ಣೆಯನ್ನೇ ಬಟ್ಟೆಗೆ ಅದ್ದಿ, ತುಕ್ಕು ಉಜ್ಜಿ, ಎಳೆದು ಬಿಟ್ಟು, ಎಳೆದು ಬಿಟ್ಟು, ಕೊನೆಗೆ ಅದು ಬೆಣ್ಣೆಯ ಮೇಲೆ ಜಾರಿದಂತೆ ಸದ್ದಿಲ್ಲದೆ ಓಡಾಡುವಂತೆ ಮಾಡಿದಳು. ಯಾವಾಗ ಬಂದು ಇರುವುದು ಎಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅಂಗಡಿ ಶುರುವಾದ ಮೇಲೆ ತಾನಾಗಿಯೇ ಆಗುತ್ತದೆ ಎಂದುಕೊಂಡಳು.

ಅಂಗಡಿ ಶುರುವಾಯಿತು. ಸಿಗ್ನಲ್ ಅಡುಗೆಯನ್ನು ಅವಳು ಹುಡುಗಿಯ ಫೋನಿನಲ್ಲಿ ವಿಡಿಯೋ ನೋಡಿ ಕಲಿತಿದ್ದಳು. ಈರುಳ್ಳಿ ಟೊಮೇಟೊ ಬೇಯಿಸಿ ಅರೆದ ಒಂದೇ ಮಸಾಲೆ ದೊಡ್ಡ ಪಾತ್ರೆಯಲ್ಲಿ ಇರುತ್ತದೆ. ಆರ್ಡರ್ ಬಂದ ಹಾಗೆ ಸೌಟಿನಿಂದ ಬಾಣಲೆಗೆ ಹಾಕಿ, ಕೆನೆ ಬೆರೆಸಿದರೆ ಒಂದು, ಪಾಲಕ್ ಬೆರೆಸಿದರೆ ಇನ್ನೊಂದು. ನೋಡಲು ನೀರು ಕುಡಿದಷ್ಟು ಸುಲಭ. ಆದರೆ ನಾಲ್ಕು ಬಾಣಲೆ ಒಟ್ಟಿಗೆ ಉರಿಯಬೇಕು, ಫೋನು ಹೊಡೆದುಕೊಳ್ಳುತ್ತಿರಬೇಕು, ಕೈ ನಿಲ್ಲಬಾರದು. ದೊಡ್ಡಮ್ಮನಿಗೆ ಒಂದು ಪಾತ್ರೆಯ ಮುಂದೆ ನಿಂತು ಅದರ ಮಾತು ಕೇಳಿ ಗೊತ್ತು. ಪ್ರತಿಯೊಂದನ್ನೂ ರುಚಿ ನೋಡಿ, ಇದಕ್ಕೆ ಹುಳಿ ಹೆಚ್ಚಾಯಿತು, ಇದು ಇನ್ನೊಂಚೂರು ಕುದಿಯಲಿ ಎಂದು ನಿಲ್ಲಿಸಿಕೊಳ್ಳುತ್ತಿದ್ದಳು. ಕೌಂಟರಿನಲ್ಲಿ ಜನ ಗಡಿಯಾರ ನೋಡುತ್ತಿದ್ದರು. ಒಬ್ಬ, ಲಾಂಡ್ರಿಯಲ್ಲಿ ಬಟ್ಟೆ ಒಗೆದು ಒಣಗಿಸಿ ಮಡಚಿಕೊಂಡು ಬಂದರೂ ತನ್ನ ಡಬ್ಬಿ ಸಿದ್ಧವಾಗಿರದ್ದನ್ನು ನೋಡಿ, ಬೈದುಕೊಂಡು ಹೊರಟುಹೋದ.

"ಅತ್ತಿಗೆ, ರುಚಿ ನೋಡ್ತಾ ಕೂರ್ಬೇಡಿ, ಸುಮ್ನೆ ಹಾಕಿ," ಎಂದು ಮೈದುನ ಮೊದಮೊದಲು ನಗುತ್ತಾ ಹೇಳಿದ. ಆಮೇಲೆ ನಗದೆ ಹೇಳಿದ.

ಒಂದು ಮಧ್ಯಾಹ್ನ ಓರಗಿತ್ತಿ ಎದುರಿಗೆ ಕೂತು ಈರುಳ್ಳಿ ಹೆಚ್ಚುತ್ತಾ, ತಲೆಯೆತ್ತದೆ ಮಾತು ಶುರುಮಾಡಿದಳು.

"ಅಕ್ಕ, ಒಬ್ಬ ಮಾಸ್ಟರ್ ಸಿಕ್ಕಿದಾನೆ. ಹೋಟೆಲ್ ಅಡುಗೇಲಿ ಪಳಗಿದ ಕೈಯಂತೆ. ಅವನಿದ್ದ ಹೋಟೆಲ್ ಮುಚ್ಚಿಹೋಯ್ತಂತೆ ಪಾಪ. ಆರು ಬಾಣಲೆ ಒಟ್ಟಿಗೆ ಓಡಿಸ್ತಾನಂತೆ. ನಿಮಗೂ ಸ್ವಲ್ಪ ಆರಾಮಾಗುತ್ತೆ."

"ಒಳ್ಳೇದಾಯ್ತಲ್ಲ," ಎಂದಳು ದೊಡ್ಡಮ್ಮ. ಹಾಗೆಂದಾಗ ನಿಜವಾಗಿಯೂ ಒಳ್ಳೆಯದೇ ಆಯಿತು ಎಂದುಕೊಂಡಳು.

"ಅವನಿಗೆ ಇರೋಕೆ ಜಾಗ ಇಲ್ಲಂತೆ. ರೂಮು ಕೊಟ್ರೇ ಬರೋದು ಅಂದಿದಾನೆ. ಅದಕ್ಕೆ ಇವರು, ಮೇಲೆ ಹೇಗಿದ್ರೂ ಖಾಲಿ ಇದೆಯಲ್ಲ ಅಂತ..."

ದೊಡ್ಡಮ್ಮನ ಕೈಯಲ್ಲಿದ್ದ ಚಾಕು ನಿಂತಿತು. "ಅದು..." ಎಂದಳು.

ಓರಗಿತ್ತಿಗೆ ಏನೋ ಹೊಳೆಯಿತು. "ಅಯ್ಯೋ, ನೀವು ಅಲ್ಲಿರ್ಬೇಕು ಅಂದ್ಕೊಂಡಿದ್ರಾ? ಕ್ಲೀನ್ ಮಾಡ್ತಿದ್ರಿ, ಸ್ಟೋರಿಗೆ ಅಂದ್ಕೊಂಡೆ ನಾನು. ಆ ಇಕ್ಕಟ್ಟಲ್ಲಿ ಒಬ್ಬರೇ ಏನು ಮಾಡ್ತೀರಾ ಅಕ್ಕ? ಹೆದರಿಕೆ ಆಗಲ್ವಾ? ನಾವೆಲ್ಲ ಇರೋವಾಗ ನೀವು ಯಾಕೆ ಬೇರೆ ಇರ್ಬೇಕು? ನೋಡಿದವರು ಏನಂತಾರೆ, ಅತ್ತಿಗೇನ ಅಂಗಡಿ ಮೇಲೆ ಹಾಕಿದಾರೆ ಅನ್ನಲ್ವಾ?" ಈರುಳ್ಳಿಯ ಕೈಯಿಂದಲೇ ಅವಳ ಮೊಣಕೈ ಮುಟ್ಟಿದಳು. "ನಮ್ಮನ್ನ ಬಿಟ್ಟು ಹೋಗ್ಬೇಕು ಅನ್ಸಿತ್ತಾ ನಿಮಗೆ?"

"ಇಲ್ವೇ, ಸುಮ್ನೆ ಅಂದೆ," ಎಂದಳು ದೊಡ್ಡಮ್ಮ.

ಕಣ್ಣಲ್ಲಿ ನೀರು ಬಂತು. ಈರುಳ್ಳಿ ಇದ್ದದ್ದು ಒಳ್ಳೆಯದಾಯಿತು. ಹೆಚ್ಚುತ್ತಾ ಹೆಚ್ಚುತ್ತಾ ಅವಳಿಗೆ ತಾನು ಏನು ಮಾಡಿಕೊಂಡೆ ಎನ್ನುವುದು ನಿಧಾನವಾಗಿ ತಿಳಿಯಿತು. ಮೆನುವಿನಲ್ಲಿ ತನ್ನ ಸಾರು ಒಂದೇ ಒಂದು ಉಳಿದಿದ್ದರೂ ಅದನ್ನು ಮಾಡಲು ಈ ಅಂಗಡಿಗೆ ತಾನೇ ಬೇಕಾಗಿದ್ದೆ. ರೂಮಿಗೋಸ್ಕರ ಅದನ್ನೂ ಹೊಡೆದುಹಾಕಿಸಿದೆ. ಕೆಂಪು ಹಳದಿಯನ್ನು ಯಾರು ಬೇಕಾದರೂ ಮಾಡುತ್ತಾರೆ, ತನಗಿಂತ ಚೆನ್ನಾಗಿ ಮಾಡುತ್ತಾರೆ. ಹಾಗೆ ಮಾಡುವವನಿಗೇ ರೂಮು ಹೋಯಿತು. ಯಾರನ್ನು ಬೈಯಬೇಕು? ಯಾರೂ ಮೋಸ ಮಾಡಿರಲಿಲ್ಲ. ಅವಳು ತನ್ನ ಕೈಯಾರೆ ತನ್ನ ಬಾಗಿಲನ್ನು ಕಿತ್ತು ಇನ್ನೊಬ್ಬರ ಮನೆಗೆ ಜೋಡಿಸಿದ್ದಳು. ಆ ಸಂಕಟಕ್ಕೆ ಸಮಾಧಾನ ಹೇಳಲು ಯಾರ ಹತ್ತಿರವೂ ಮಾತಿಲ್ಲ.

ಮೈದುನನಿಗೆ ಆ ಹಳೆಯ ಮಾತು ನೆನಪಿತ್ತೋ ಇಲ್ಲವೋ ಗೊತ್ತಿಲ್ಲ. ಮಾಸ್ಟರ್ ಪೆಟ್ಟಿಗೆ ತಂದ ದಿನ ಮಾತ್ರ ಅವನು ಅತ್ತಿಗೆಯ ಕಡೆ ತಿರುಗಿ ನೋಡದೆ, ಅವನಿಗೆಂದು ತಂದ ಮಂಚವನ್ನು ಮೇಲೆ ಹೊತ್ತುಕೊಂಡು ಹೋಗಲು ನಿಂತ. ಬೆನ್ನುನೋವಿನವನು ಅದನ್ನು ಹೊರಬಾರದಿತ್ತು. ಬೇಡವೆಂದರೂ ಕೇಳದೆ ಹೊತ್ತ.

ಮಾಸ್ಟರ್ ಒಳ್ಳೆಯ ಮನುಷ್ಯ. ಮಾತು ಕಡಿಮೆ, ಕೆಲಸ ಚುರುಕು. ಬಾಣಲೆಗಳು ಅವನ ಕೈಯಲ್ಲಿ ಕುಣಿಯುತ್ತಿದ್ದವು. ರುಚಿ ನೋಡುತ್ತಲೇ ಇರಲಿಲ್ಲ, ಆದರೂ ಎಲ್ಲ ಡಬ್ಬಿಯೂ ಒಂದೇ ಹದ. ಅಂಗಡಿಗೆ ವ್ಯಾಪಾರ ಕುದುರಿತು. ದೊಡ್ಡಮ್ಮನಿಗೆ ಈರುಳ್ಳಿ ಹೆಚ್ಚುವುದು, ಅನ್ನ ಮಾಡುವುದು, ಡಬ್ಬಿಗೆ ಮುಚ್ಚಳ ಹಾಕುವುದು. ಒಂದು ದಿನ ಅವನು ಹಿಂದೆಮುಂದೆ ನೋಡುತ್ತಾ ಅವಳ ಹತ್ತಿರ ಬಂದ. "ಅಮ್ಮಾ, ತಪ್ಪು ತಿಳ್ಕೋಬೇಡಿ. ಈ ಗ್ರೇವಿ ತಿಂದು ತಿಂದು ಹೊಟ್ಟೆ ಕೆಟ್ಟುಹೋಗಿದೆ. ನಂಗೊಂಚೂರು ಸಾರು ಅನ್ನ ಮಾಡಿಕೊಡ್ತೀರಾ? ಮನೇದು ತಿಂದು ಎಷ್ಟು ಕಾಲ ಆಯ್ತೋ."

ಮಾಡದೆ ಇರಲಾದೀತೇ? ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಚಿಕ್ಕ ಪಾತ್ರೆಯಲ್ಲಿ ಸಾರು ಕುದಿಸಿದಳು. ಮೆಟ್ಟಿಲ ಬುಡದಲ್ಲಿ ನಿಂತು, "ಕೂತ್ರೇನಪ್ಪಾ?" ಎಂದು ಕೂಗಿದಳು. "ಕೂತಿದೀನಿ ಅಮ್ಮಾ," ಎಂದು ಮೇಲಿನಿಂದ ಉತ್ತರ ಬಂತು. ಸಾಸಿವೆ ಎಣ್ಣೆಗೆ ಬಿತ್ತು. ಮುಚ್ಚಳ ಮುಚ್ಚಿ, ಒಂದು ಕೈಯಲ್ಲಿ ಅನ್ನದ ತಟ್ಟೆ, ಒಂದು ಕೈಯಲ್ಲಿ ಸಾರು, ಆ ಇಕ್ಕಟ್ಟಿನ ಮೆಟ್ಟಿಲನ್ನು ಚಿಕ್ಕ ಹುಡುಗಿಯ ಹಾಗೆ ಓಡಿ ಹತ್ತಿದಳು.

ಕಿಟಕಿಯ ಕೆಳಗೆ ಮಂಚ. ಅವಳು ಹಾಕಬೇಕೆಂದಿದ್ದ ಕಡೆಗೇ. ಅವಳು ಹೊಡೆದ ಮೊಳೆಗೆ ಅವನ ಅಂಗಿ, ಹೂವಿನ ಕಾಗದ ಹಾಸಿದ ಹಲಗೆಯ ಮೇಲೆ ಶೇವಿಂಗ್ ಸಾಮಾನು ಮತ್ತು ಅವನ ಹೆಂಡತಿ ಮಕ್ಕಳ ಫೋಟೋ. ಅವನು ಕುರ್ಚಿಯ ಮೇಲೆ ತಟ್ಟೆ ಇಟ್ಟುಕೊಂಡು, ಮಂಚದ ಮೇಲೆ ಕೂತು ಕಲಸಿದ. ಮೊದಲ ತುತ್ತು ನುಂಗಿ ಇನ್ನಷ್ಟು ಸಾರು ಸುರಿದುಕೊಂಡ. ಎರಡನೆಯದಕ್ಕೆ ಕಣ್ಣು ಮುಚ್ಚಿದ.

"ಅಮ್ಮಾ, ಇದನ್ನ ಯಾಕಮ್ಮ ಮೆನುಲಿ ಹಾಕಿಲ್ಲ?"

"ಮೆಟ್ಟಿಲು ಹತ್ತೋವರೆಗೂ ಇರತ್ತಪ್ಪ," ಎಂದಳು ದೊಡ್ಡಮ್ಮ. "ಅದಕ್ಕಿಂತ ದೂರ ಹೋಗಲ್ಲ."

ಅವನು ಊಟ ಮುಗಿಸುವವರೆಗೂ ಅವಳು ನಿಂತೇ ಇದ್ದಳು. ಕೂರುವುದಕ್ಕೆ ಬೇರೆ ಜಾಗ ಇರಲಿಲ್ಲ. ಖಾಲಿ ತಟ್ಟೆ, ಪಾತ್ರೆ ಎತ್ತಿಕೊಂಡಳು. "ಒಂದು ಗಳಿಗೆ ಮಲಗ್ತೀನಮ್ಮಾ, ಎದ್ದು ಬಂದುಬಿಡ್ತೀನಿ," ಎಂದ. ಮಲಗಪ್ಪ ಎಂದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಎರಡು ಮೆಟ್ಟಿಲು ಇಳಿದ ಮೇಲೆ ಪಾತ್ರೆಯ ಮುಚ್ಚಳ ಅಲ್ಲೇ ಬಿಟ್ಟದ್ದು ನೆನಪಾಯಿತು. ಸದ್ದೇನೂ ಕೇಳಿಸಿರಲಿಲ್ಲ, ಇನ್ನೂ ಎದ್ದೇ ಇರುತ್ತಾನೆ ಎಂದುಕೊಂಡು ಹಿಂದಕ್ಕೆ ಹತ್ತಿ ಬಾಗಿಲನ್ನು ಮೆಲ್ಲಗೆ ತಳ್ಳಿದಳು.

ಬಾಗಿಲು ತೆರೆಯಲಿಲ್ಲ. ಒಳಗಡೆಯಿಂದ ಚಿಲಕ ಬಿದ್ದಿತ್ತು. ಸದ್ದಾಗದ ಹಾಗೆ ಅದಕ್ಕೆ ಎಣ್ಣೆ ಹಾಕಿ ಉಜ್ಜಿದವಳು ಅವಳೇ.

ಅಂಗೈಯನ್ನು ಬಾಗಿಲಿಗೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ತಟ್ಟಲಿಲ್ಲ. ಮಲಗಿದವರ ಬಾಗಿಲು ತಟ್ಟಬಾರದು ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆಳಗಿನಿಂದ ಮೈದುನ ಕೂಗಿದ, "ಅತ್ತಿಗೆ, ಈರುಳ್ಳಿ ಆಯ್ತಾ?"

"ಬಂದೆ," ಎಂದು ದೊಡ್ಡಮ್ಮ ಮೆಟ್ಟಿಲು ಇಳಿದಳು.